ಆಟದಿಂದ ನೋಟಕ್ಕೆ

ಕನ್ನಡದಲ್ಲಿ 'ಆಟ'ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಪಗಡೆ, ಚದುರಂಗ, ಚಿಣ್ಣಿಕೋಲು ಇವು ಆಟಗಳು. ಊರ ಬಯಲಿನಲ್ಲಿ ಬೆಳಗಾಗುವವರೆಗೆ ನಡೆಯುವ ಬಯಲಾಟವೂ ಆಟವೇ. ಸಿನಿಮಾ ಮಂದಿರಗಳಲ್ಲಿ 'ಮೊದಲನೆಯ ಆಟ', 'ಎರಡನೆಯ ಆಟ' ಎನ್ನುವ ವಾಡಿಕೆಯನ್ನು ಎಲ್ಲರೂ ಬಲ್ಲರು. ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಇಂದ್ರಾದಿ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿಕೊಂಡುದು ಸಹ, ಕಣ್ಣಿಗೂ ಕಿವಿಗೂ ಒದಗತಕ್ಕ ಒಂದು ಆಟದ ವಸ್ತುವನ್ನೇ. ಹೀಗೆ ಆಡುವ ಆಟಕ್ಕೂ ನೋಡುವ ಆಟಕ್ಕೂ ಮಾತಿನಲ್ಲಿ ಬೇಲಿಯಿಲ್ಲ. ಆದರೆ ವಸ್ತುಸ್ಥಿತಿಯಲ್ಲಿ ಇವೆರಡರ ನಡುವೆ ಎಷ್ಟು ಅಂತರವಿದೆಯೆಂಬುದನ್ನು ಕಳೆದ ನಾಲ್ವತ್ತು ವರ್ಷಗಳ ಒಂದು ಇತಿಹಾಸವು ತೋರಿಸಿಕೊಟ್ಟಿದೆ. ವಿಡಿಯೋ ಆಟಗಳನ್ನು, ಅವುಗಳಲ್ಲಿಯೂ ಓಟ, ನೆಗೆತ, ಕಾಳಗಗಳಿಂದ ತುಂಬಿದ ಸಾಹಸದ ಆಟಗಳನ್ನು, ಚಲಚ್ಚಿತ್ರಗಳನ್ನಾಗಿ ಮಾಡಲು ಜಪಾನ್ ಮತ್ತು ಅಮೆರಿಕ ದೇಶಗಳಲ್ಲಿ ನಡೆದ ಪ್ರಯತ್ನಗಳ ಇತಿಹಾಸವದು.

ಇಂಥ ವಿಷಯಕ್ಕೆ ಸಾಹಿತ್ಯಪತ್ರಿಕೆಯಲ್ಲಿ ಸ್ಥಳವುಂಟೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಉಂಟೆಂದೇ ನನ್ನ ಅಭಿಪ್ರಾಯ. ಇಂದು ಓದುಬರಹ ಬಲ್ಲ ಮನೆಗಳಲ್ಲಿ ಮಕ್ಕಳ ಎಷ್ಟೋ ಹೊತ್ತು ಈ ಆಟಗಳಲ್ಲಿ ಕಳೆಯುತ್ತಿದೆ. ಹಿರಿಯರು ಆಟವನ್ನು ಆಡಿ ನೋಡುವವರಲ್ಲ. ಅದರ ಹೆಸರನ್ನು ಹೊತ್ತ ಚಲಚ್ಚಿತ್ರವನ್ನು ಎಂದಾದರೂ ನೋಡಿ, 'ಇದರಲ್ಲಿ ಏನಿದೆ' ಎಂದು ತೀರ್ಪು ಕೊಟ್ಟುಬಿಡುವರು. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವೆಂಬುದು ವಿಚಾರಾರ್ಹವಾದುದು. ಅಲ್ಲದೆ, ಒಂದು ಕಲೆಯ ವಸ್ತು ಮತ್ತೊಂದು ಕಲೆಗೆ ಸಾಗುವಾಗ ಯಾವುದು ಉಳಿಯಬೇಕು, ಯಾವುದು ಬಿದ್ದುಹೋಗಬಹುದು ಎಂಬ ಪ್ರಶ್ನೆ ನಮ್ಮ ಆಲಂಕಾರಿಕರಿಗೆ ಹೊಸದೇನೂ ಅಲ್ಲ.

೧

ಮೊದಲು ಆಟದ ಸ್ವರೂಪವನ್ನು ನೋಡೋಣ. ೧೯೮೧ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು 'ಡಾಂಕಿ ಕಾಂಗ್' ಎಂಬ ಆಟವನ್ನು ಹೊರತಂದಿತು. ಅದನ್ನು ರಚಿಸಿದವನು ಶಿಗೇರು ಮಿಯಾಮೊಟೊ. ದೊಡ್ಡದೊಂದು ಕಪಿಯು ಹೆಂಗಸೊಬ್ಬಳನ್ನು ಹೊತ್ತೊಯ್ದು ಉಕ್ಕಿನ ತೊಲೆಗಳ ಮೇಲೆ ನಿಂತಿದೆ. ಬಡಗಿಯೊಬ್ಬನು ಅದು ಉರುಳಿಸುವ ಪೀಪಾಯಿಗಳನ್ನು ಹಾರಿ ದಾಟುತ್ತ ಏಣಿಗಳನ್ನು ಏರಿ ಅವಳನ್ನು ಬಿಡಿಸಬೇಕು. ಈ ಬಡಗಿಯೇ ಮುಂದೆ ಮಾರಿಯೊ ಎಂಬ ಹೆಸರಿನಿಂದ ಜಗತ್ಪ್ರಸಿದ್ಧನಾದನು. ಅವನಿಗೆ ಮೀಸೆ ಬಂದುದು, ಅಷ್ಟು ಕಡಮೆ ಚುಕ್ಕೆಗಳಲ್ಲಿ ಬಾಯನ್ನು ಬರೆಯಲಾಗದೆ. ಟೋಪಿ ಬಂದುದು, ಕೂದಲನ್ನು ಬರೆಯುವ ತೊಡಕಿನಿಂದ. ೧೯೮೫ರ 'ಸೂಪರ್ ಮಾರಿಯೊ ಬ್ರದರ್ಸ್' ಆಟದಲ್ಲಿ ಅವನು ಕೊಳಾಯಿ ಕೆಲಸದವನಾಗಿ, ಆಮೆಯಂಥ ರಾಕ್ಷಸನೊಬ್ಬನಿಂದ ರಾಜಕುಮಾರಿಯನ್ನು ಬಿಡಿಸಲು ಹೊರಟನು. ಕಥೆಯೆಂದರೆ ಇಷ್ಟೇ. ನಮ್ಮ ಅಜ್ಜಿಯರು ಹೇಳುವ ಕಥೆಗಳಲ್ಲಿ ಇದಕ್ಕಿಂತ ಹೆಚ್ಚಿನ ಕಥೆಯಿರುವುದು.

ಹಾಗಾದರೆ ಲೋಕದ ಮಕ್ಕಳು ಅದರ ಮುಂದೆ ಗಂಟೆಗಟ್ಟಲೆ ಕುಳಿತುದೇಕೆ? ಕಥೆಗಾಗಿ ಅಲ್ಲ. ಕಂದಕದ ಅಂಚಿಗೆ ಬಂದು ನೆಗೆಯಬೇಕಾದ ಕ್ಷಣದಲ್ಲಿ ಗುಂಡಿಯನ್ನು ಒತ್ತುವವನು ಆಟಗಾರನೇ. ಒಂದು ನಿಮಿಷಾರ್ಧ ತಡವಾದರೆ ಬೀಳುವನು. ಮತ್ತೆ ಮೊದಲಿನಿಂದ ಆರಂಭಿಸುವನು. ಹತ್ತನೆಯ ಸಲ ದಾಟುವನು. ಗಮನಿಸಿ ನೋಡಿ: ತೆರೆಯ ಮೇಲಿನ ಬೊಂಬೆ ಬಿದ್ದಾಗ ಮಕ್ಕಳು 'ಅವನು ಸತ್ತ' ಎನ್ನುವುದಿಲ್ಲ, 'ನಾನು ಸತ್ತೆ' ಎನ್ನುವರು. ಚಲಚ್ಚಿತ್ರದ ನಾಯಕನು ಗುಂಡೇಟಿಗೆ ಬಿದ್ದಾಗ ಪ್ರೇಕ್ಷಕರಲ್ಲಿ ಯಾರೂ ಹಾಗೆನ್ನರು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಆಟವು ಉತ್ತಮಪುರುಷದಲ್ಲಿ ನಡೆಯುವುದು, ಚಿತ್ರವು ಪ್ರಥಮಪುರುಷದಲ್ಲಿ. ಆಟವನ್ನು ಚಿತ್ರವಾಗಿ ಮಾಡುವುದೆಂದರೆ 'ನಾನು' ಎಂಬ ವಾಕ್ಯವನ್ನು 'ಅವನು' ಎಂಬ ವಾಕ್ಯವಾಗಿ ತಿರುಗಿಸುವುದು. ಕ್ರಿಯಾಪದದ ಪ್ರತ್ಯಯವನ್ನು ಮಾತ್ರ ಬದಲಿಸಿದರೆ ವಾಕ್ಯವು ಶುದ್ಧವಾಗುವುದು, ನಿಜ; ಆದರೆ ಅದರಲ್ಲಿದ್ದ ಬಿಸಿ ಆರಿಹೋಗುವುದು.

ಈ ತೊಡಕಿಗೆ ಪರಿಹಾರವೇನೆಂಬುದನ್ನು ಮಹಾಭಾರತದ ಸಭಾಪರ್ವದಲ್ಲಿ ಕಾಣಬಹುದು. ಅಲ್ಲಿ ದ್ಯೂತವು ನಡೆಯುವುದು. ಕೇಳುವವನ ಕೈಯಲ್ಲಿ ದಾಳವಿಲ್ಲ. ದಾಳಗಳು ಹೇಗೆ ಉರುಳಿದುವು, ಯಾವ ಗರ ಬಿದ್ದಿತು ಎಂಬುದರಲ್ಲಿ ವ್ಯಾಸರು ಕಾಲವನ್ನು ಕಳೆಯಲಿಲ್ಲ. ಅವರು ಹೇಳಿದುದು ಪಣವನ್ನು. ಮುತ್ತು, ಹೊನ್ನು, ರಥ, ಆನೆ, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಒಂದೊಂದು ಪಣಕ್ಕೂ ಗೆದ್ದೆನೆಂಬ ಶಕುನಿಯ ಅದೇ ಮಾತು. ಆಡುವವನ ಬೆರಳಿನಲ್ಲಿದ್ದ ತಳಮಳವು ಈ ಪಣದ ಮೂಲಕ ಕೇಳುವವನ ಎದೆಗೆ ದಾಟಿತು. ಆಟವನ್ನು ನೋಟವಾಗಿ ಮಾಡುವವನು ಕಳೆದುಹೋದ ದಾಳಕ್ಕೆ ಬದಲಾಗಿ ಪಣವನ್ನು ತಂದಿಡಬೇಕು.

ಇದರೊಡನೆ ಮತ್ತೊಂದು ಸೂತ್ರವನ್ನೂ ನೆನೆಯಬೇಕು. ಪ್ರಸಿದ್ಧವಾದ ಕಥೆಯಲ್ಲಿ ರಸಕ್ಕೆ ಅಡ್ಡಬರುವ ಭಾಗವಿದ್ದರೆ ಕವಿಯು ಅದನ್ನು ಬಿಟ್ಟು ಬೇರೆ ಕಲ್ಪಿಸಬಹುದೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಅನುಮತಿ ಕೊಟ್ಟಿರುವನು. ಮಹಾಭಾರತದ ದುಷ್ಯಂತನು ಶಕುಂತಲೆಯನ್ನು ಬಲ್ಲವನಾಗಿಯೂ ಅರಿಯೆನೆಂದನು. ಕಾಳಿದಾಸನು ದೂರ್ವಾಸರ ಶಾಪವನ್ನೂ ಉಂಗುರವನ್ನೂ ತಂದು ಅದನ್ನು ನಿಜವಾದ ಮರೆವನ್ನಾಗಿ ಮಾಡಿದನು. ಬದಲಿಸುವುದು ತಪ್ಪಲ್ಲ, ರಸಕ್ಕಾಗಿ ಬದಲಿಸಿದನೆ ಎಂಬುದೇ ಪ್ರಶ್ನೆ. ಈ ಎರಡು ಒರೆಗಲ್ಲುಗಳನ್ನು ಹಿಡಿದು ಇತಿಹಾಸವನ್ನು ಪರೀಕ್ಷಿಸೋಣ.

೨

ಜಪಾನಿನಲ್ಲಿ ೧೯೮೬ರಲ್ಲಿಯೇ ಮಾರಿಯೊವನ್ನು ಕುರಿತ ವ್ಯಂಗ್ಯಚಿತ್ರರೂಪದ ಚಲಚ್ಚಿತ್ರವೊಂದು ಬಂದಿತ್ತು. ಹಾಲಿವುಡ್ಡಿನವರು ನಟರನ್ನಿಟ್ಟುಕೊಂಡು ಮಾಡಿದ ಮೊದಲ ದೊಡ್ಡ ಪ್ರಯತ್ನವೆಂದರೆ ೧೯೯೩ರ ಮೇ ತಿಂಗಳಲ್ಲಿ ತೆರೆಕಂಡ 'ಸೂಪರ್ ಮಾರಿಯೊ ಬ್ರದರ್ಸ್'. ನಿರ್ದೇಶಕರು ರಾಕಿ ಮಾರ್ಟನ್ ಮತ್ತು ಆನಬೆಲ್ ಜಾಂಕೆಲ್. ಮಾರಿಯೊವಿನ ಪಾತ್ರದಲ್ಲಿ ಬಾಬ್ ಹಾಸ್ಕಿನ್ಸ್, ರಾಕ್ಷಸನಾಗಿ ಡೆನಿಸ್ ಹಾಪರ್. ಎಲ್ಲರೂ ನುರಿತ ಕಲಾವಿದರು. ಆದರೆ ಆಟದ ಹಸುರು ಗುಡ್ಡಗಳೂ, ಅಣಬೆಗಳೂ, ನೀಲಿಯ ಆಕಾಶವೂ ಇವರಿಗೆ ಹುಡುಗಾಟವಾಗಿ ಕಂಡುವು. ಆದುದರಿಂದ ನ್ಯೂಯಾರ್ಕಿನ ಪಕ್ಕದಲ್ಲಿ ಕಣ್ಣಿಗೆ ಕಾಣದ ಮತ್ತೊಂದು ಲೋಕವನ್ನೂ, ಅಲ್ಲಿ ಡೈನೋಸಾರುಗಳಿಂದ ಹುಟ್ಟಿಬಂದ ಮನುಷ್ಯರನ್ನೂ, ಕತ್ತಲೆ ಕವಿದ ಕೊಳಕು ಬೀದಿಗಳನ್ನೂ ಕಲ್ಪಿಸಿದರು. ಚಿತ್ರೀಕರಣದ ನಡುವೆಯೇ ಕಥೆಯ ಬರವಣಿಗೆ ಮತ್ತೆ ಮತ್ತೆ ಬದಲಾಯಿತು. ಅಮೆರಿಕದಲ್ಲಿ ಬಂದ ಹಣ ಸುಮಾರು ೨ ಕೋಟಿ ಡಾಲರು. ವೆಚ್ಚವಾದುದು ಅದರ ಇಮ್ಮಡಿ. ತಾನು ಮಾಡಿದ ಕೆಲಸಗಳಲ್ಲೆಲ್ಲ ಇದು ಅತಿ ಕೆಟ್ಟುದೆಂದು ಹಾಸ್ಕಿನ್ಸನು ಮುಂದೆ ಬಹಿರಂಗವಾಗಿಯೇ ಹೇಳಿಕೊಂಡನು. ಇಲ್ಲಿ ಬದಲಾವಣೆಯಾದುದು ರಸಕ್ಕಾಗಿ ಅಲ್ಲ, ಮೂಲದ ವಿಷಯದಲ್ಲಿ ಇದ್ದ ಸಂಕೋಚದಿಂದ. ಯಾವ ಕಥೆಯನ್ನು ಹೇಳಲು ನಾಚಿಕೆಯೋ ಅದನ್ನು ಹೇಳಹೊರಟವನಿಗೆ ಯಶಸ್ಸು ಹೇಗೆ ಬಂದೀತು?

ಮರುವರ್ಷ, ೧೯೯೪ರ ಡಿಸೆಂಬರಿನಲ್ಲಿ, 'ಸ್ಟ್ರೀಟ್ ಫೈಟರ್' ಬಂದಿತು. ಇದರ ಮೂಲ ಕ್ಯಾಪ್‌ಕಾಮ್ ಸಂಸ್ಥೆಯ ಕಾಳಗದ ಆಟ. ಇಬ್ಬರು ಎದುರುಬದುರಾಗಿ ನಿಂತು ಕಾದಾಡುವುದು; ೧೯೯೧ರ ಆವೃತ್ತಿಯಲ್ಲಿ ಆಟಗಾರನು ಆರಿಸಿಕೊಳ್ಳಬಹುದಾದ ಜಟ್ಟಿಗಳು ಎಂಟು ಮಂದಿ. ಆಟದಲ್ಲಿ ಒಬ್ಬನನ್ನು ಆರಿಸಿಕೊಂಡವನಿಗೆ ಅವನೇ ನಾಯಕ. ಚಿತ್ರದಲ್ಲಿ ಎಂಟು ಮಂದಿಯೂ ಬೇಕು, ಇನ್ನೂ ಕೆಲವರು ಬೇಕು. ಆದರೆ ನಾಯಕನು ಒಬ್ಬನೇ. ನಿರ್ದೇಶಕ ಸ್ಟೀವನ್ ಡಿ ಸೋಜನು ಅಮೆರಿಕದ ಸೈನಿಕನೊಬ್ಬನನ್ನು ಮುಂದಕ್ಕೆ ತಂದು ಆಟದ ಮುಖ್ಯ ಜಟ್ಟಿಗಳಾದ ರ್ಯೂ, ಕೆನ್ ಇಬ್ಬರನ್ನೂ ಚಿಲ್ಲರೆ ಮೋಸಗಾರರನ್ನಾಗಿ ಮಾಡಿದನು. ಎಲ್ಲರೂ ಬಂದರು, ಯಾರೂ ನಿಲ್ಲಲಿಲ್ಲ. ಚಿತ್ರದಲ್ಲಿ ಇಂದಿಗೂ ಜನ ಮೆಚ್ಚುವುದು ಖಳನಾಯಕನಾದ ರಾವುಲ್ ಹೂಲಿಯಾನ ಅಭಿನಯವನ್ನು. ಅವನು ಆಗ ರೋಗಪೀಡಿತನಾಗಿದ್ದನು. ಚಿತ್ರವು ತೆರೆಗೆ ಬರುವ ಮೊದಲೇ, ಅಕ್ಟೋಬರಿನಲ್ಲಿ, ತೀರಿಕೊಂಡನು. ಆಟದಿಂದ ಹುಟ್ಟಿದ ಈ ಚಿತ್ರದಿಂದ ೧೯೯೫ರಲ್ಲಿ ನಟರ ಮುಖಗಳುಳ್ಳ ಮತ್ತೊಂದು ಆಟವನ್ನು ಮಾಡಿದರು; ಅದೂ ರುಚಿಸಲಿಲ್ಲ.

ಅದೇ ೧೯೯೫ರ ಆಗಸ್ಟಿನಲ್ಲಿ ಬಂದ 'ಮಾರ್ಟಲ್ ಕಾಂಬ್ಯಾಟ್' ಮಾತ್ರ ಗೆದ್ದಿತು. ಲೋಕದಲ್ಲೆಲ್ಲ ಸುಮಾರು ೧೨ ಕೋಟಿ ಡಾಲರು ತಂದಿತು. ಇದರ ಮೂಲವಾದ ೧೯೯೨ರ ಆಟವು ಅದರಲ್ಲಿ ಹರಿಯುವ ರಕ್ತಕ್ಕಾಗಿ ಕುಪ್ರಸಿದ್ಧವಾಗಿ, ೧೯೯೩ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಸಭೆಯ ವಿಚಾರಣೆಗೂ ಗುರಿಯಾಗಿತ್ತು. ಚಿತ್ರವಾದರೋ ಆ ರಕ್ತವನ್ನು ಬಹುಮಟ್ಟಿಗೆ ಬಿಟ್ಟಿತು. ಇಷ್ಟಾದರೂ ಗೆಲುವು ಹೇಗೆ ಬಂದಿತು? ಆಟದ ಕಟ್ಟಡವೇ ಒಂದು ಮಲ್ಲಯುದ್ಧದ ಪಂದ್ಯ: ದೂರದ ದ್ವೀಪ, ಒಬ್ಬೊಬ್ಬರಾಗಿ ಜಟ್ಟಿಗಳು, ಸೋತರೆ ಭೂಲೋಕವೇ ಪರಾಧೀನ. ಇಲ್ಲಿ ಪಣವು ಮೊದಲೇ ಇದ್ದಿತು. ನಿರ್ದೇಶಕ ಪಾಲ್ ಆಂಡರ್ಸನ್ನನು ಅದನ್ನು ಕೆಡಿಸದೆ ಉಳಿಸಿಕೊಂಡನು. ಮಹಾಕೃತಿಯೆಂದು ಯಾರೂ ಹೇಳಲಿಲ್ಲ. ಆದರೆ ನೋಡಬಂದವರು ಬರಿಗೈಯಲ್ಲಿ ಹೋಗಲಿಲ್ಲ.

೩

ಇಷ್ಟು ನೋಡಿದವರಿಗೆ ಒಂದು ಪೂರ್ವಪಕ್ಷವು ತೋರಬಹುದು: ಆಟವನ್ನರಿಯದ ಹೊರಗಿನವರು ಚಿತ್ರ ಮಾಡಿದುದರಿಂದ ಕೆಟ್ಟಿತು, ಆಟವನ್ನು ರಚಿಸಿದವನೇ ಮಾಡಿದ್ದರೆ ಕೆಡುತ್ತಿರಲಿಲ್ಲವೆಂದು. ಇತಿಹಾಸವು ಇದನ್ನು ಒಪ್ಪುವುದಿಲ್ಲ. ಆಕಾಶಯುದ್ಧದ ಆಟವಾದ 'ವಿಂಗ್ ಕಮಾಂಡರ್' ಅನ್ನು ರಚಿಸಿದ ಕ್ರಿಸ್ ರಾಬರ್ಟ್ಸನೇ ೧೯೯೯ರಲ್ಲಿ ಅದರ ಚಿತ್ರವನ್ನು ನಿರ್ದೇಶಿಸಿದನು. ವೆಚ್ಚದ ಅರ್ಧದಷ್ಟೂ ಮರಳಲಿಲ್ಲ. 'ಫೈನಲ್ ಫ್ಯಾಂಟಸಿ' ಆಟಗಳ ಜನಕನಾದ ಹಿರೊನೊಬು ಸಕಾಗುಚಿ ೨೦೦೧ರಲ್ಲಿ, ಮನುಷ್ಯರ ಕೂದಲೆಳೆಗಳನ್ನು ಸಹ ಗಣಕಯಂತ್ರದಿಂದಲೇ ರಚಿಸಿದ ಚಿತ್ರವನ್ನು ತಂದನು. ವೆಚ್ಚ ಸುಮಾರು ೧೩ ಕೋಟಿ ೭೦ ಲಕ್ಷ ಡಾಲರು. ಬಂದುದು ಸುಮಾರು ೮ ಕೋಟಿ ೫೦ ಲಕ್ಷ. ಚಿತ್ರವನ್ನು ಮಾಡಿದ ಶಾಖೆಯನ್ನೇ ಮುಚ್ಚಬೇಕಾಯಿತು. ಉತ್ತಮಪುರುಷದಲ್ಲಿ ಸೊಗಸಾಗಿ ಬರೆಯಬಲ್ಲವನು ಪ್ರಥಮಪುರುಷದಲ್ಲಿಯೂ ಬರೆಯಬಲ್ಲನೆಂಬ ನಿಯಮವಿಲ್ಲ.

೪

ಈ ಇತಿಹಾಸದಲ್ಲೆಲ್ಲ ನನಗೆ ಅತ್ಯಂತ ಬೋಧಪ್ರದವಾಗಿ ಕಂಡುದು 'ಪ್ರಿನ್ಸ್ ಆಫ್ ಪರ್ಷಿಯ'ದ ವೃತ್ತಾಂತ. ಇಲ್ಲಿ ಚಿತ್ರದಿಂದ ಆಟವೂ, ಆಟದಿಂದ ಮತ್ತೆ ಚಿತ್ರವೂ ಹುಟ್ಟಿದುವು.

ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣನು ತನ್ನ ತಮ್ಮನಿಗೆ ಬಿಳಿಯ ಉಡುಪನ್ನು ತೊಡಿಸಿ, ಓಡುವುದು, ನೆಗೆಯುವುದು, ಗೋಡೆಯ ಅಂಚನ್ನು ಹಿಡಿದು ಜೋಲುವುದು ಇವನ್ನೆಲ್ಲ ಮಾಡಿಸಿ ಚಿತ್ರ ತೆಗೆದುಕೊಂಡನು. ಆ ಚಿತ್ರದ ಒಂದೊಂದು ಚೌಕಟ್ಟನ್ನೂ ನೋಡಿ ಗಣಕಯಂತ್ರದ ಚುಕ್ಕೆಗಳಲ್ಲಿ ಬರೆದನು. ಕತ್ತಿವರಸೆಗೆ ಮಾದರಿಯಾದುದು, ೧೯೩೮ರ 'ರಾಬಿನ್ ಹುಡ್' ಚಿತ್ರದಲ್ಲಿ ಎರೋಲ್ ಫ್ಲಿನ್ ಮತ್ತು ಬೇಸಿಲ್ ರಾಥ್‌ಬೋನ್ ನಡೆಸಿದ ಕಾಳಗ. ಹೀಗೆ ೧೯೮೯ರಲ್ಲಿ ಹೊರಬಂದ ಆಟದಲ್ಲಿ, ಸೆರೆಮನೆಯಿಂದ ಪಾರಾಗಿ ರಾಜಕುಮಾರಿಯನ್ನು ಉಳಿಸಲು ಆಟಗಾರನಿಗೆ ದೊರೆಯುವ ಕಾಲ ಒಂದು ಗಂಟೆ. ಅರೇಬಿಯದ ಕಥೆಗಳ ಈ ಲೋಕವು ಚಲಚ್ಚಿತ್ರಕ್ಕೆ ಮೊದಲಿನಿಂದ ಪರಿಚಿತವಾದುದು. ಮೈಸೂರು ಸೀಮೆಯ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, ೧೯೪೦ರ 'ಥೀಫ್ ಆಫ್ ಬಾಗ್ದಾದ್' ಚಿತ್ರದಲ್ಲಿ ಕಳ್ಳಹುಡುಗನಾಗಿ ಲೋಕವನ್ನು ರಂಜಿಸಿದುದನ್ನು ಹಿರಿಯ ವಾಚಕರು ಕೇಳಿ ಬಲ್ಲರು.

೨೦೦೩ರಲ್ಲಿ ಯೂಬಿಸಾಫ್ಟ್ ಸಂಸ್ಥೆಯ ಮಾಂಟ್ರಿಯಲ್ ಶಾಖೆಯು, ಮೆಕ್ನರನನ್ನೇ ಕಥೆಗಾರನನ್ನಾಗಿಟ್ಟುಕೊಂಡು, 'ಕಾಲದ ಮರಳು' ಎಂಬರ್ಥದ ಹೆಸರಿನ ಹೊಸ ಆಟವನ್ನು ಮಾಡಿತು. ಅದರಲ್ಲಿ ಹೆಸರಿಲ್ಲದ ರಾಜಕುಮಾರನಿಗೆ ಒಂದು ಕಠಾರಿ ದೊರೆಯುವುದು. ಅದರ ಹಿಡಿಯೊಳಗಣ ಮರಳಿನ ಬಲದಿಂದ ಕಾಲವನ್ನು ಕೆಲವು ಕ್ಷಣ ಹಿಂದಕ್ಕೆ ತಿರುಗಿಸಬಹುದು. ಗೋಪುರದಿಂದ ಜಾರಿ ಬಿದ್ದ ಆಟಗಾರನು ಗುಂಡಿಯನ್ನೊತ್ತಿದರೆ ಬಿದ್ದವನು ಮೇಲಕ್ಕೆ ಹಾರಿ ಬಂದು, ತಪ್ಪು ಹೆಜ್ಜೆಯಿಟ್ಟ ಜಾಗದಲ್ಲಿ ಮತ್ತೆ ನಿಲ್ಲುವನು. ಆದರೆ ಮರಳು ಮಿತವಾದುದು, ಮುಗಿದರೆ ಮರಣವೇ. ಇಡೀ ಆಟವು ರಾಜಕುಮಾರನು ಹೇಳುತ್ತಿರುವ ಕಥೆಯಾದುದರಿಂದ, ಸತ್ತಾಗ ಅವನ ದನಿಯೇ ಕೇಳಿಬಂದು, ಕಥೆ ಹೀಗೆ ನಡೆಯಲಿಲ್ಲವೆಂದು ತಿದ್ದುವುದು.

ಇದರ ಮರ್ಮವನ್ನು ಯೋಚಿಸಬೇಕು. ಮಾಡಿದ ತಪ್ಪನ್ನು ಮಾಡದ ಹಾಗೆ ಆಗಿಸಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಪಶ್ಚಾತ್ತಾಪವೆಂದರೆ ಅದೇ ತಾನೆ? ಆಟದಲ್ಲಿ ತಪ್ಪು ನನ್ನದು, ಬಿದ್ದವನು ನಾನು, ಹಿಂದಿರುಗಿಸಿದವನೂ ನಾನು. ಕಠಾರಿಯು ಕಥೆಯ ಅಲಂಕಾರವಲ್ಲ. ಆಟಗಾರನ ಪಶ್ಚಾತ್ತಾಪವೇ ಅಲ್ಲಿ ಆಯುಧವಾಗಿದೆ.

೨೦೧೦ರಲ್ಲಿ ಡಿಸ್ನಿ ಸಂಸ್ಥೆಯು ಇದನ್ನು ಚಿತ್ರವಾಗಿ ಮಾಡಿತು. ನಿರ್ದೇಶಕ ಮೈಕ್ ನ್ಯೂವೆಲ್; ನಾಯಕ ಜೇಕ್ ಜಿಲೆನ್‌ಹಾಲ್; ಚಿತ್ರಕಥೆಯ ಮೊದಲ ರೂಪದಲ್ಲಿ ಮೆಕ್ನರನ ಕೈಯೂ ಇತ್ತು. ಹೆಸರಿಲ್ಲದ ರಾಜಕುಮಾರನಿಗೆ ದಸ್ತಾನ್ ಎಂದು ಹೆಸರಿಟ್ಟರು. ಪಾರಸಿಯಲ್ಲಿ ಆ ಶಬ್ದಕ್ಕೆ ಕಥೆಯೆಂದರ್ಥ. ಸುಮಾರು ೨೦ ಕೋಟಿ ಡಾಲರು ವೆಚ್ಚವಾಗಿ ೩೩ ಕೋಟಿಯಷ್ಟು ಬಂದಿತು. ಮೊರಾಕೊ ದೇಶದ ಮರಳುಗಾಡೂ, ಕೋಟೆಗಳೂ, ಗೋಡೆಯಿಂದ ಗೋಡೆಗೆ ಹಾರುವ ಚಮತ್ಕಾರವೂ ಅದರಲ್ಲಿ ಉಂಟು. ಕಠಾರಿಯೂ ಉಂಟು, ಕಾಲವೂ ಕೆಲವು ಸಲ ಹಿಂದಿರುಗುವುದು. ಕೊನೆಯಲ್ಲಿ ಎಲ್ಲವೂ ಮೊದಲಿಗೆ ತಿರುಗಿ, ಸತ್ತವರು ಬದುಕಿ, ನಡೆದುದೆಲ್ಲ ನಡೆಯದ ಹಾಗಾಗುವುದು. ಆದರೂ ನೋಡುವವನ ಮನಸ್ಸು ಅಲುಗದು. ಏಕೆಂದರೆ ತಪ್ಪು ಅವನದಲ್ಲ. ಆಟದಲ್ಲಿ ಕಾಲವು ಹಿಂದಿರುಗಿದರೆ ಪಣವು ಮತ್ತೆ ಕೈಗೆ ಬರುವುದು. ಚಿತ್ರದಲ್ಲಿ ಕಾಲವು ಹಿಂದಿರುಗಿದರೆ ಪಣವೇ ಕರಗಿಹೋಗುವುದು. ಅದೇ ಕಠಾರಿ, ಅದೇ ಮರಳು. ಫಲವು ಮಾತ್ರ ವಿಪರೀತ. ಮೂಲಕ್ಕೆ ನಿಷ್ಠೆಯಿಂದಿದ್ದೂ ಮೂಲದ ಜೀವವನ್ನು ಕಳೆದುಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

೫

ಹಾಗಾದರೆ ಈ ಕಾರ್ಯವು ಅಸಾಧ್ಯವೆ? ಹಾಗೆ ಹೇಳಲಾಗದು. ಕ್ಯಾಪ್‌ಕಾಮಿನ ಮತ್ತೊಂದು ಆಟವಾದ 'ರೆಸಿಡೆಂಟ್ ಈವಿಲ್' ೨೦೦೨ರಲ್ಲಿ ಚಿತ್ರವಾದಾಗ, ಆಟದಲ್ಲಿಲ್ಲದ ಆಲಿಸ್ ಎಂಬ ನಾಯಿಕೆಯನ್ನು ಕಲ್ಪಿಸಿದರು. ಅವಳು ಎಚ್ಚರಗೊಳ್ಳುವಾಗ ತಾನು ಯಾರೆಂಬುದನ್ನೇ ಮರೆತಿರುವಳು. ಆಟವನ್ನು ಹೊಸದಾಗಿ ತೆರೆದವನಿಗೆ ಹೇಗೆ ಏನೂ ತಿಳಿಯದೋ ಹಾಗೆಯೇ ಅವಳಿಗೂ ತಿಳಿಯದು. ಪ್ರೇಕ್ಷಕನು ಅವಳೊಡನೆ ಒಂದೊಂದು ಬಾಗಿಲನ್ನೂ ತೆರೆದು ತಿಳಿಯುವನು. ಕಾಳಿದಾಸನೊಡನೆ ಹೋಲಿಸುವ ಉದ್ದೇಶವಿಲ್ಲ. ಆದರೆ ಇಲ್ಲಿಯೂ ಮರೆವನ್ನು ಕಲ್ಪಿಸಿದುದು ರಸಕ್ಕಾಗಿಯೇ. ವಿಮರ್ಶಕರು ಮೆಚ್ಚದಿದ್ದರೂ ೨೦೧೬ರವರೆಗೆ ಆ ಮಾಲೆಯಲ್ಲಿ ಆರು ಚಿತ್ರಗಳು ನಡೆದುವು. ಇದಕ್ಕೆ ಪ್ರತಿಯಾಗಿ ೨೦೦೫ರ 'ಡೂಮ್' ಚಿತ್ರದವರು ಕೆಲವು ನಿಮಿಷಗಳ ಮಟ್ಟಿಗೆ ಆಟದಂತೆಯೇ, ಯೋಧನ ಕಣ್ಣಿನಿಂದಲೇ, ಕೈಯಲ್ಲಿನ ಬಂದೂಕು ಮಾತ್ರ ಕಾಣುವಂತೆ ತೋರಿಸಿದರು. ಕಣ್ಣನ್ನು ಎರವಲು ತರಬಹುದು, ಕೈಯನ್ನು ತರಲಾಗದು. ಅದು ಪರರು ಆಡುವ ಆಟವನ್ನು ಹಿಂದೆ ನಿಂತು ಇಣುಕಿದಂತಾಯಿತು.

ಆಟದ ಸ್ವಾರಸ್ಯವನ್ನು ಚೆನ್ನಾಗಿ ಹಿಡಿದ ಚಿತ್ರಗಳಲ್ಲಿ ಕೆಲವು ಯಾವ ಆಟದಿಂದಲೂ ಹುಟ್ಟಿದವಲ್ಲವೆಂಬುದು ವಿಚಿತ್ರ. ೨೦೧೪ರ 'ಎಡ್ಜ್ ಆಫ್ ಟುಮಾರೊ' ಚಿತ್ರದಲ್ಲಿ ಹೇಡಿಯಾದ ಸೈನಿಕನೊಬ್ಬನು ಯುದ್ಧದಲ್ಲಿ ಸತ್ತೊಡನೆ ಹಿಂದಿನ ದಿನದಲ್ಲಿ ಕಣ್ದೆರೆಯುವನು. ನೂರಾರು ಸಲ ಸತ್ತು ಯುದ್ಧವನ್ನು ಕಲಿಯುವನು. ಇದರ ಮೂಲ ೨೦೦೪ರ ಜಪಾನೀ ಕಾದಂಬರಿ. ಅದನ್ನು ಬರೆದ ಹಿರೋಷಿ ಸಕುರಾಜಾಕನಿಗೆ ಸ್ಫೂರ್ತಿ ಬಂದುದು ಆಟಗಳಿಂದ. ಇಲ್ಲಿಯೂ ಕಾಲವು ಹಿಂದಿರುಗುವುದಾದರೂ ನಾಯಕನ ನೆನಪು ಹಿಂದಿರುಗುವುದಿಲ್ಲ. ಅವನು ಪ್ರೀತಿಸಿದವಳು ಪ್ರತಿದಿನವೂ ಅವನನ್ನು ಅರಿಯದವಳಾಗಿ ನಿಲ್ಲುವಳು. ಪಣವು ಉಳಿಯಿತು, ರಸವೂ ಉಳಿಯಿತು.

ಇತ್ತೀಚಿನ ವರ್ಷಗಳಲ್ಲಿ ಗಾಳಿ ತಿರುಗಿದೆ. ೨೦೧೯ರಲ್ಲಿ 'ಸೋನಿಕ್' ಚಿತ್ರದ ಮುನ್ನೋಟದಲ್ಲಿ ಮುಳ್ಳುಹಂದಿಗೆ ಮನುಷ್ಯರಂಥ ಹಲ್ಲುಗಳನ್ನು ಕಂಡು ಆಟಗಾರರು ರೇಗಿದರು. ಭರತನು ಹೇಳುವ ಮೊದಲ ನಾಟ್ಯಪ್ರಯೋಗದಲ್ಲಿ ತಮಗೆ ಅವಮಾನವಾಯಿತೆಂದು ದೈತ್ಯರು ವಿಘ್ನವನ್ನು ತಂದೊಡ್ಡಿದುದು ನೆನಪಿಗೆ ಬರುವುದು. ನಿರ್ಮಾಪಕರು ಆಕೃತಿಯನ್ನು ಪುನಃ ರಚಿಸಿ, ಬಿಡುಗಡೆಯನ್ನು ೨೦೨೦ರ ಫೆಬ್ರವರಿಗೆ ಮುಂದೂಡಿದರು, ಚಿತ್ರವು ಗೆದ್ದಿತು. ೨೦೨೩ರಲ್ಲಿ ಮಿಯಾಮೊಟೊ ತಾನೇ ನಿರ್ಮಾಪಕರಲ್ಲಿ ಒಬ್ಬನಾಗಿ ನಿಂತು ಮಾಡಿಸಿದ ಮಾರಿಯೊ ಚಿತ್ರವು ಹಸುರು ಗುಡ್ಡಗಳನ್ನೂ ಅಣಬೆಗಳನ್ನೂ ನಾಚದೆ ತೋರಿಸಿ, ಸುಮಾರು ೧೩೬ ಕೋಟಿ ಡಾಲರುಗಳನ್ನು ತಂದಿತು. ಬಾಲ್ಯದಲ್ಲಿ ಆಡಿದವರು ಈಗ ತಂದೆತಾಯಿಗಳಾಗಿ ಮಕ್ಕಳ ಕೈಹಿಡಿದು ಬಂದುದೂ ಇದಕ್ಕೆ ಒಂದು ಕಾರಣ.

ಆದರೆ ಉತ್ತಮಪುರುಷ ಪ್ರಥಮಪುರುಷಗಳ ಭೇದವನ್ನು ನಿಜವಾಗಿ ಅರಿತು ನಡೆದುದು, ನನ್ನ ಅಲ್ಪಮತಿಗೆ ತೋರುವಂತೆ, ಅದೇ ವರ್ಷ ದೂರದರ್ಶನದ ಧಾರಾವಾಹಿಯಾಗಿ ಬಂದ 'ದಿ ಲಾಸ್ಟ್ ಆಫ್ ಅಸ್'. ೨೦೧೩ರ ಮೂಲ ಆಟದಲ್ಲಿ, ಮಗಳನ್ನು ಕಳೆದುಕೊಂಡ ಜೋಯೆಲ್ ಎಂಬಾತನು, ಮಹಾಮಾರಿಗೆ ಮದ್ದಾಗಬಲ್ಲ ಎಲಿ ಎಂಬ ಹುಡುಗಿಯನ್ನು ದೇಶದುದ್ದಕ್ಕೂ ಕಾಪಾಡಿ ಕರೆತರುವನು. ಮದ್ದಿಗಾಗಿ ಅವಳ ಪ್ರಾಣವನ್ನೇ ತೆಗೆಯಬೇಕೆಂದು ತಿಳಿದಾಗ ಅವನು ವೈದ್ಯನನ್ನು ಕೊಂದು ಅವಳನ್ನು ಹೊತ್ತೊಯ್ಯುವನು. ಆಟಗಾರನಿಗೆ ಅಲ್ಲಿ ಬೇರೆ ದಾರಿಯಿಲ್ಲ. ಮನಸ್ಸು ಹಿಂಜರಿದರೂ ಅವನೇ ಕೊಲ್ಲಬೇಕು. ಧಾರಾವಾಹಿಯಲ್ಲಿ ನಾವು ಕೊಲ್ಲುವುದಿಲ್ಲ, ಕೊಲ್ಲುವುದನ್ನು ನೋಡುವೆವು. ಕೈಗೆ ಅಂಟಿದ ರಕ್ತವು ಇಲ್ಲಿ ಇಲ್ಲದುದರಿಂದ, ರಚನೆಕಾರರಾದ ಕ್ರೇಗ್ ಮೇಜಿನ್ ಮತ್ತು ನೀಲ್ ಡ್ರಕ್ಮನ್ ಆಟದ ಕಾಳಗಗಳಲ್ಲಿ ಬಹುಭಾಗವನ್ನು ಕಡಮೆ ಮಾಡಿ, ದಾರಿಯಲ್ಲಿ ಸಿಕ್ಕವರ ಬದುಕುಗಳಿಗೆ ಎಡೆಗೊಟ್ಟರು. ಆ ಬದುಕುಗಳನ್ನು ನೋಡಿದವನಿಗೆ ಕೊನೆಯ ಕೊಲೆಯಲ್ಲಿ ಏನು ಪಣಕ್ಕೆ ಬಿದ್ದಿತೆಂಬುದು ತಿಳಿದಿರುವುದು.

ಒಟ್ಟಿನಲ್ಲಿ, ಆಟದ ವೇಷವನ್ನು ಮಾತ್ರ ತೆಗೆದುಕೊಂಡವರೂ ಅದನ್ನು ನಾಚಿ ಬಿಟ್ಟವರೂ ಸೋತರು. ಆಡುವವನು ಕಳೆದುಕೊಂಡ ಕರ್ತೃತ್ವಕ್ಕೆ ಬದಲಾಗಿ ನೋಡುವವನಿಗೆ ಒಂದು ಪಣವನ್ನು ಕೊಟ್ಟವರು ತಕ್ಕಮಟ್ಟಿಗೆ ಗೆದ್ದರು. ಆದುದರಿಂದ ಚಿತ್ರವನ್ನು ನೋಡಿ ಆಟವನ್ನು ಅಳೆಯುವುದು ನ್ಯಾಯವಲ್ಲ. ಮಗುವಿನ ಆಟದ ಗುಣದೋಷಗಳನ್ನು ಅರಿಯಬೇಕಾದರೆ ಅದರ ಪಕ್ಕದಲ್ಲಿ ಕುಳಿತು, ಅದು ಯಾವ ಕಾರ್ಯವನ್ನು 'ನಾನು ಮಾಡಿದೆ' ಎನ್ನುತ್ತಿದೆಯೆಂಬುದನ್ನು ಕೇಳಬೇಕು. ಹಳ್ಳವನ್ನು ಹಾರಿದೆನೆಂಬುದು ಬೇರೆ, ಕೊಂದೆನೆಂಬುದು ಬೇರೆ.

ಈ ಪ್ರಶ್ನೆಯು ನಮ್ಮ ಬಾಗಿಲಿಗೂ ಬರತಕ್ಕುದೇ. ನಾಳೆ ನಮ್ಮ ತರುಣರಲ್ಲಿ ಯಾರಾದರೂ ಚಕ್ರವ್ಯೂಹವನ್ನು ಒಂದು ಆಟವನ್ನಾಗಿ ರಚಿಸುವರೆಂದಿಟ್ಟುಕೊಳ್ಳೋಣ. ಅಭಿಮನ್ಯುವಾಗಿ ಒಳಹೊಕ್ಕ ಹುಡುಗನು ಒಂದು ಸಲ ಸತ್ತರೆ ನೂರು ಸಲ ಪ್ರಯತ್ನಿಸಿ ಹೊರಬರಲು ನೋಡುವನು. ಆಟದ ಧರ್ಮವೇ ಅದು. ಹೊರಬಂದರೆ ಅದು ಅಭಿಮನ್ಯುವಿನ ಕಥೆಯಲ್ಲ. ಬಾರದಂತೆ ಕಟ್ಟಿದರೆ ಅದು ಆಟವಾಗಿ ಉಳಿಯುವುದೆ? ನೋಟದಿಂದ ಆಟಕ್ಕೆ ಹೋಗುವ ಈ ದಾರಿಯ ವಿಚಾರವನ್ನು ಬಲ್ಲವರು ಈ ಪತ್ರಿಕೆಯಲ್ಲಿಯೇ ಮುಂದುವರಿಸುವರೆಂದು ಆಶಿಸುವೆನು.